ನೆತ್ತಿಗೆ ಹತ್ತಿದ್ದು

ಮೊದಲು ಕೈಕೊಟ್ಟದ್ದು ವಿಷಲ್.

ಜನವರಿಯ ಕೊನೆಯ ವಾರ, ಹೊಳೆನರಸೀಪುರದ ಬಸ್ ಸ್ಟ್ಯಾಂಡು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಕೊನೆಯ ಪ್ರಯಾಣಿಕ ಹತ್ತಿದ ಮೇಲೆ ವಿಷಲ್ ಬಾಯಿಗಿಟ್ಟು ಊದಿದೆ. ಫುಸ್ ಅಂತ ಗಾಳಿ ಬಂತು, ಸದ್ದು ಬರಲಿಲ್ಲ. ಮತ್ತೆ ಊದಿದೆ. ಕೆಮ್ಮು ಒತ್ತಿಕೊಂಡು ಬಂತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನ್ ಸಾವಿತ್ರಮ್ಮ, ವಿಷಲ್‌ಗೂ ಶೀತ ಆಗೈತಾ?" ಅಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನ ಮೈಯನ್ನು ಅಂಗೈಯಲ್ಲಿ ಎರಡು ಸಲ ಬಡಿದು "ರೈಟ್" ಅಂದೆ. ಬಸ್ಸು ಹೊರಟಿತು.

ಇಪ್ಪತ್ತೆರಡು ವರ್ಷದಿಂದ ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾಸನದಿಂದ ಹೊರಟು ಒಂದು ವಾರ ಅರಕಲಗೂಡು, ಒಂದು ವಾರ ಹೊಳೆನರಸೀಪುರ, ನಡುವೆ ಯಾವಾಗಲಾದರೂ ಚನ್ನರಾಯಪಟ್ಟಣ. ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜಿನವರನ್ನು ಒಂದೇ ಕೂಗಿಗೆ ಒಳಗೆ ಸೇರಿಸುವ ಗಂಟಲು ನನ್ನದು. ಬಾಯಿ ಜೋರು ಅಂತ ಡಿಪೋದಲ್ಲಿ ಹೆಸರಿದೆ. ಅದನ್ನು ನಾನು ಬಿರುದು ಅಂತಲೇ ತಿಳಿದಿದ್ದೇನೆ. ಅಂಥವಳಿಗೆ ಒಂದು ವಿಷಲ್ ಊದಲು ಉಸಿರು ಸಾಲಲಿಲ್ಲ.

ಶೀತ ಅಂದುಕೊಂಡೆ. ಮೆಣಸು, ಜೀರಿಗೆ, ಶುಂಠಿ ಕುದಿಸಿ ಕುಡಿದೆ. ವಾರ ಕಳೆಯಿತು. ಕೆಮ್ಮು ಹೋಗಲಿಲ್ಲ.

ನಮ್ಮ ಮನೆ ಗೊರೂರಿನಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸ್. ನಮ್ಮೆಜಮಾನರು ಪುಟ್ಟಸ್ವಾಮಿ ನಾಲೆಗಳ ಮೇಲಿನ ಕೆಲಸದವರು. ಎಲ್ಲಿ ತೂಬು ಕಟ್ಟಿಕೊಂಡಿದೆ, ಎಲ್ಲಿ ನೀರು ಸೋರುತ್ತಿದೆ ಅಂತ ನಡೆದು ನೋಡಿ ಬರುವುದು ಅವರ ನೌಕರಿ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದರಿಂದ ಅವರಿಗೆ ಮಾತಾಡುವ ಅಗತ್ಯ ಹೆಚ್ಚಾಗಿ ಬಿದ್ದಿರಲಿಲ್ಲ. ಈಗ ಎರಡು ಮಾತಿಗೊಮ್ಮೆ ನನಗೆ ಕೆಮ್ಮು. ಮನೆ ಬಿಕೋ ಅನ್ನತೊಡಗಿತು.

ಹಾಸನದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಸುಯ್ ಸುಯ್ ಅಂತಿದೆ. ರಸ್ತೆ ಧೂಳು ಕುಡಿಯೋ ಕೆಲಸ ನಿಮ್ಮದು. ಅಸ್ತಮಾ ಶುರುವಾಗಿದೆ" ಅಂದರು. ಇನ್‌ಹೇಲರ್ ಕೊಟ್ಟರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಎಳೆದೆ. ಆಮೇಲೆ ಜ್ವರ ಬಂತು. ದಿನಾ ಮಧ್ಯಾಹ್ನ ಮೂರಕ್ಕೆ ಬರುತ್ತಿತ್ತು, ನಮ್ಮ ಬಸ್ಸಿಗಿಂತ ಸರಿಯಾದ ಟೈಮಿಗೆ. ರಜೆ ಹಾಕಿ ಮಲಗಿದೆ.

ಜ್ವರದ ಮಧ್ಯಾಹ್ನಗಳು ಈಗ ನೆನೆದರೆ ಬೇರೆ ಯಾರೋ ಮಲಗಿದ್ದ ಹಾಗೆ ಕಾಣುತ್ತವೆ. ಕಿಟಕಿಯಾಚೆ ಬಿಸಿಲು. ದೂರದಲ್ಲಿ ನೀರಿನ ಸದ್ದು. ಅದು ಅಣೆಕಟ್ಟೆಯ ನೀರೋ ನನ್ನ ಎದೆಯ ಸದ್ದೋ ತಿಳಿಯುತ್ತಿರಲಿಲ್ಲ. ಮಂಚ ಮೆಲ್ಲಗೆ ಹೊರಟ ಹಾಗೆ ಅನ್ನಿಸುತ್ತಿತ್ತು. ಊರುಗಳು ಹಿಂದಕ್ಕೆ ಹೋಗುತ್ತಿದ್ದವು. ನಾನು ಸ್ಟಾಪಿನ ಹೆಸರು ಕೂಗುತ್ತಿದ್ದೆ, ಯಾರೂ ಇಳಿಯುತ್ತಿರಲಿಲ್ಲ. ಆ ಪ್ರಯಾಣ ಪ್ರತಿ ಸಲವೂ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ದಂಡಿಗನಹಳ್ಳಿಯಲ್ಲಿ ನನ್ನ ತವರುಮನೆಯ ಜಗಲಿ. ಸಂಕ್ರಾಂತಿಯ ಮಾರನೆಯ ದಿನ. ನನ್ನ ಪಕ್ಕದಲ್ಲಿ ಅತ್ತಿಗೆ.

ಅದನ್ನು ಹೇಳಲೇಬೇಕು. ಆ ದಿನ ನನ್ನ ಪಾಲಿಗೆ ಈ ವರ್ಷದ ದೊಡ್ಡ ಸಂತೋಷ.

ಅತ್ತಿಗೆ ಗೌರಮ್ಮ ನನ್ನ ಅಣ್ಣನ ಹೆಂಡತಿ. ಆಕೆ ಮದುವೆಯಾಗಿ ಬಂದಾಗ ನಾನಿನ್ನೂ ಮಿಡ್ಲ್ ಸ್ಕೂಲು. ನನ್ನ ಜಡೆ ಹೆಣೆದವಳು ಅವಳೇ. ಆದರೆ ಆರು ವರ್ಷ ನಾನು ಅವಳ ಮುಖ ನೋಡಿರಲಿಲ್ಲ. ನಮ್ಮವ್ವ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಜೀವ ಹೋಯಿತು. ನನಗೆ ಫೋನು ಬಂದದ್ದು ಸಂಜೆ ಐದಕ್ಕೆ. ಅವತ್ತು ನಾನು ಚನ್ನರಾಯಪಟ್ಟಣದ ಡ್ಯೂಟಿಯಲ್ಲಿದ್ದೆ. ಅದೇ ಹತ್ತೂವರೆಗೆ ನಮ್ಮ ಬಸ್ಸು ದಂಡಿಗನಹಳ್ಳಿ ಗೇಟಿನ ಮುಂದೆಯೇ, ಊರೊಳಗೆ ತಿರುಗುವ ಸ್ಟಾಪಿನ ಮುಂದೆಯೇ ಹಾದುಹೋಗಿತ್ತು. ಒಂದು ಫೋನು ಮಾಡಿದ್ದರೆ ಇಳಿದು ಓಡಿಹೋಗುತ್ತಿದ್ದೆ. ತಿಥಿಯ ದಿನ ನೆಂಟರಿಷ್ಟರೆಲ್ಲ ಕೂತಿದ್ದಾಗ ಅತ್ತಿಗೆಗೆ ಅಂದೆ: "ನಮ್ಮವ್ವನ ಕೊನೇ ಮಾತು ನನ್ನಿಂದ ಕದ್ದೆ ನೀನು." ಅವಳು ಎದುರಾಡಲಿಲ್ಲ. ಎದುರಾಡದೆ ಇದ್ದದ್ದೇ ನನಗೆ ಇನ್ನಷ್ಟು ಉರಿಸಿತು. ಅಲ್ಲಿಂದಾಚೆಗೆ ಚನ್ನರಾಯಪಟ್ಟಣದ ರೂಟು ಬಂದಾಗಲೆಲ್ಲ ಕಾಡಿ ಬೇಡಿ ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದೆ. ಮೂಗು ಕೊಯ್ದುಕೊಂಡರೂ ಸರಿ, ಸೋಲಬಾರದು ಅನ್ನುವ ಜಾತಿ ನಾನು.

ಈ ಸಂಕ್ರಾಂತಿಗೆ ಅಣ್ಣ ಬಂದು, "ಬತ್ತೀಯೋ ಇಲ್ವೋ ಹೇಳ್ಬುಡು. ನಾನಿನ್ನು ಕರ್ಯಾಕ್ ಬರಾಕಿಲ್ಲ" ಅಂದ. ಹೋದೆ.

ಅವರೆಕಾಯಿಯ ಕಾಲ. ಅತ್ತಿಗೆ ಹಿಂದಿನ ದಿನವೇ ಕಾಳು ನೆನೆಹಾಕಿದ್ದಳು, ಹಿದುಕಿದ ಬೇಳೆ ಸಾರಿಗೆ. ನನಗೆ ಇಷ್ಟ ಅಂತ. ಜಗಲಿಯಲ್ಲಿ ಪಾತ್ರೆ ಇಟ್ಟುಕೊಂಡು ಇಬ್ಬರೂ ಕೂತೆವು. ನೆನೆದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಅದುಮಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಚಿಕ್ಕವಳಿದ್ದಾಗ ನಾನು ಬಾಯಿ ತೆರೆದು ಕೂರುವುದು, ಅತ್ತಿಗೆ ಗುರಿ ಇಟ್ಟು ನನ್ನ ಬಾಯಿಗೇ ಚಿಮ್ಮಿಸುವುದು, ಅದೊಂದು ಆಟ ನಮಗೆ. ಅವ್ವ ಬೈಯುತ್ತಿದ್ದಳು. ಅರ್ಧ ಪಾತ್ರೆ ಆಗುವ ಹೊತ್ತಿಗೆ ಅತ್ತಿಗೆ ನನ್ನ ಕಡೆ ನೋಡದೆಯೇ, "ಬಾಯ್ ತಗಿಯಮ್ಮಿ, ಇನ್ನೂ ಗುರಿ ಐತೋ ಓಗೈತೋ ನೋಡುಮ" ಅಂದಳು.

ಐವತ್ತೆರಡು ವರ್ಷದ ನಾನು ಬಾಯಿ ತೆರೆದೆ.

ಮೊದಲನೆಯದು ಮೂಗಿಗೆ ಬಡಿಯಿತು. ಎರಡನೆಯದು ಕನ್ನಡಕಕ್ಕೆ. ನನಗೆ ನಗು ತಡೆಯಲಾಗಲಿಲ್ಲ. ಆರು ವರ್ಷದ ನಗು ಅದು, ಹೊಟ್ಟೆಯ ಆಳದಿಂದ ಬಂತು. ನಗುತ್ತಾ ಉಸಿರೆಳೆದುಕೊಳ್ಳುವ ಹೊತ್ತಿಗೆ ಮೂರನೆಯದು ಬಂದು ಬಿತ್ತು. ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಅತ್ತಿಗೆ ಎದ್ದು ಬಂದು ನನ್ನ ನೆತ್ತಿಯ ಮೇಲೆ ಪಟಪಟ ತಟ್ಟಿದಳು. "ಯಾರೋ ನೆನೆಸ್ಕಂಡ್ರು ಕಣವ್ವ. ಯಾರೋ ನೆನೆಸ್ಕಂಡ್ರು." ಕೆಮ್ಮು ನಿಂತಿತು. ಅವಳ ಕೈ ನಿಲ್ಲಲಿಲ್ಲ. "ಅತ್ತೆಮ್ಮನೇ ಇರ್ಬೇಕು. ನಾವಿಬ್ರೂ ಕುಂತಿರಾದ್ ನೋಡ್ಬುಟ್ಟು ನೆನೆಸ್ಕಂಡದೆ" ಅಂದು ಮುಖ ಆಚೆ ತಿರುಗಿಸಿ ಅಳತೊಡಗಿದಳು. ನಾನೂ ಅತ್ತೆ. ಅವಳ ಸೊಂಟ ಹಿಡಿದು ಅತ್ತೆ. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಹೀಗಾಗಿ ಆ ಘಟನೆ ನನ್ನ ಲೆಕ್ಕದಲ್ಲಿ ಅವ್ವ ನನ್ನನ್ನು ನೆನೆದ ದಿನ. ಬೇಳೆಯ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ.

ಫೆಬ್ರವರಿಯಲ್ಲಿ ಎಕ್ಸ್‌ರೇ ತೆಗೆದರು. ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ಬೆಳ್ಳಗೆ ಒಂದು ಮೋಡ. ನ್ಯುಮೋನಿಯಾ ಅಂದರು. ಕಫ ಪರೀಕ್ಷೆ ಮಾಡಿಸಿ ಟಿಬಿ ಅಲ್ಲ ಅಂದರು. ಡಾಕ್ಟರು ಕೇಳಬೇಕಾದದ್ದನ್ನೆಲ್ಲ ಕೇಳಿದರು, ಅವರ ಮೇಲೆ ನನಗೆ ದೂರಿಲ್ಲ. "ಊಟ ಮಾಡುವಾಗ ಯಾವತ್ತಾದ್ರೂ ಉಸಿರು ಕಟ್ಟಿತ್ತಾ? ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿತ್ತಾ?" ಅಂತಲೂ ಕೇಳಿದರು.

"ಇಲ್ಲ" ಅಂದೆ.

ಸುಳ್ಳು ಹೇಳಲಿಲ್ಲ. ಉಸಿರು ಕಟ್ಟಿರಲಿಲ್ಲ. ಗಂಟಲಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ನೆತ್ತಿಗೆ ಹತ್ತುವುದನ್ನು ನಮ್ಮ ಕಡೆ ಯಾರೂ ಡಾಕ್ಟರ ಹತ್ತಿರ ಹೇಳುವುದಿಲ್ಲ. ಅದು ಕಾಯಿಲೆಯಲ್ಲ, ಸುದ್ದಿ. ಯಾರೋ ನೆನೆದರು, ತಟ್ಟಿದೆವು, ಮುಗಿಯಿತು. ಯಾರು ನೆನೆದಿರಬಹುದು ಅಂತ ಹೆಸರು ಊಹಿಸುವುದೊಂದೇ ಉಳಿದ ಕೆಲಸ.

ಆಂಟಿಬಯೋಟಿಕ್ ಕೊಟ್ಟರೆ ಹತ್ತು ದಿನ ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಮಾರ್ಚ್ ಪೂರ್ತಿ ಹೀಗೇ ಹೋಯಿತು. ಮೈ ಇಳಿಯಿತು. ಯೂನಿಫಾರ್ಮು ಗೂಟಕ್ಕೆ ಹಾಕಿದ ಹಾಗೆ ಜೋಲುತ್ತಿತ್ತು. ಒಂದು ಬೆಳಿಗ್ಗೆ ಎಜಮಾನರು ನನ್ನ ಬೆನ್ನಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದವರು ಸುಮ್ಮನೆ ಕಿವಿ ಇಟ್ಟು ಕೇಳಿದರು. ಎಡಗಡೆ ಕೇಳಿದರು, ಬಲಗಡೆ ಕೇಳಿದರು. ತುಂಬ ಹೊತ್ತು.

"ಈ ಕಡೀಕೆ ಅರಿತಾನೇ ಇಲ್ವಲ್ಲ ಸಾವಿತ್ರಿ."

"ಏನು?"

"ಗಾಳಿ. ಎಡಗಡೆ ಚೆನ್ನಾಗ್ ಓಯ್ತದೆ. ಬಲಗಡೆ ಕೆಳೀಕೆ ಏನೂ ಇಲ್ಲ. ಏನೋ ಅಡ್ಡ ಕುಂತದೆ ಕಣೆ. ತೂಬಿಗೆ ಕಸ ಸಿಕ್ಕಂಡಾಗ ಇಂಗೇ ಆಗಾದು. ಇಂದೆಲ್ಲ ನೀರ್ ನಿಂತ್ಕಂಡು ಕೊಳೀತದೆ. ಎಷ್ಟ್ ಔಸ್ದಿ ಉಯ್ದ್ರೇನು, ಕಸ ತಗೀದೆ?"

"ನೀವೇನ್ ಡಾಕ್ಟ್ರಾ?" ಅಂದೆ. ಅವರು ಬಟ್ಟೆ ಹಿಂಡಿದರು. ಆದರೆ ಮುಂದಿನ ಸಲ ಆಸ್ಪತ್ರೆಯಲ್ಲಿ ಎಂದೂ ಬಾಯಿ ತೆರೆಯದ ಮನುಷ್ಯ ಅದನ್ನೇ ಹೇಳಿದರು. ಡಾಕ್ಟರು ನಗಲಿಲ್ಲ. ಸಿಟಿ ಸ್ಕ್ಯಾನ್ ಬರೆದರು.

ರಿಪೋರ್ಟ್ ಬಂದ ದಿನ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಎಜಮಾನರೊಬ್ಬರನ್ನೇ ಒಳಗೆ ಕರೆದರು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಬಲಗಡೆಯ ದೊಡ್ಡ ಶ್ವಾಸನಾಳದಲ್ಲಿ ಏನೋ ಅಡ್ಡ ಇದೆ, ಸುತ್ತ ಮಾಂಸ ಬೆಳೆದಿದೆ, ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಒಳಗೆ ಕೊಳವೆ ಇಳಿಸಿ ನೋಡಬೇಕು. ಇಷ್ಟು ಕೇಳಿತು. ಆಮೇಲೆ ಇನ್ನೊಂದು ಪದ.

ಗಡ್ಡೆ.

ಎಜಮಾನರು ಹೊರಗೆ ಬಂದು, "ಏನಿಲ್ಲ, ಇನ್ನೊಂದ್ ಟೆಸ್ಟಂತೆ" ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ನಾನು ಗಟ್ಟಿಗಿತ್ತಿಯ ಹಾಗೆ "ಆಗ್ಲಿ ಬುಡಿ" ಅಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೊರೂರಿನವರೆಗೂ ಅತ್ತೆ. ನನ್ನ ಬಸ್ಸಿನಲ್ಲಿ ನಾನೇ ಟಿಕೆಟ್ ತೆಗೆದುಕೊಂಡು ಕೂತದ್ದು ಅಪರೂಪ. ಸಾಯುವುದಕ್ಕೆ ನನಗೆ ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ತುಂಬ ಹೆದರಿಕೆಯಾಯಿತು. ಈ ಮನುಷ್ಯ ಯಾರ ಜೊತೆ ಮಾತಾಡದೆ ಕೂರುತ್ತಾನೆ ಅನ್ನುವುದೇ ದೊಡ್ಡ ಚಿಂತೆಯಾಯಿತು.

ಬ್ರಾಂಕೋಸ್ಕೋಪಿಗೆ ನಾಲ್ಕು ದಿನ ಇತ್ತು. ಆ ನಾಲ್ಕು ದಿನವೂ ಬೆಳಿಗ್ಗೆ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಎದುರು ಹೇಮಾವತಿ. ಮೀನು ಹಿಡಿಯುವವರ ತೆಪ್ಪ ಹೋಗುವುದು ಕಾಣುತ್ತಿತ್ತು, ಹುಟ್ಟಿನ ಸದ್ದು ಆಮೇಲೆ ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ಅತ್ತಿಗೆಯ ಕೈ ನೆತ್ತಿಯ ಮೇಲೆ ತಟ್ಟುತ್ತಿತ್ತು. ಅವ್ವ ನನ್ನನ್ನು ನೆನೆದದ್ದು ಕರೆದುಕೊಳ್ಳುವುದಕ್ಕೇ ಇರಬೇಕು ಅನ್ನಿಸಿತು. ಒಮ್ಮೊಮ್ಮೆ ಅದೂ ಚೆನ್ನಾಗಿಯೇ ಇದೆ ಅನ್ನಿಸುತ್ತಿತ್ತು.

ಆ ದಿನ ಬಂತು. ಹಾಸನದ ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಹದಿನೈದು ವರ್ಷ ಚಿಕ್ಕವರು. ಅರಕಲಗೂಡಿನ ಕಡೆಯವರಂತೆ. ಮಂಚದ ಪಕ್ಕ ನಿಂತು ಫೈಲಿನ ಹಾಳೆಗಳನ್ನೆಲ್ಲ ಮತ್ತೊಮ್ಮೆ ತಿರುವಿದರು. ಉಸಿರು ಕಟ್ಟಿತ್ತಾ ಅಂತ ಅವರೂ ಕೇಳಿದರು, ನಾನೂ ಇಲ್ಲ ಅಂದೆ. ಅವರು ಫೈಲು ಮುಚ್ಚಿದರು. ಹೊರಡುವವರು ತಿರುಗಿ ನಿಂತರು.

"ನೆತ್ತಿಗೆ ಗಿತ್ತಿಗೆ ಹತ್ತಿತ್ತಾ ಅಮ್ಮ? ಜೋರಾಗಿ?"

"ಹತ್ತಿತ್ತು. ಸಂಕ್ರಾಂತೀಲಿ. ನಮ್ಮವ್ವ ನೆನೆಸ್ಕಂಡಿದ್ಲು."

"ಅವ್ವ ನೆನೆಸ್ಕೊಂಡಾಗ ನೀವೇನು ತಿಂತಿದ್ರಿ?"

ನಾನು ಬಾಯಿ ತೆರೆದೆ. ಜಗಲಿ, ಪಾತ್ರೆ, ಅತ್ತಿಗೆಯ ಬೆರಳು, ಎಲ್ಲ ಕಣ್ಣೆದುರು ಬಂದವು. ಮೂಗಿಗೆ ಬಡಿದದ್ದು ನೆಲಕ್ಕೆ ಬಿದ್ದಿತ್ತು. ಕನ್ನಡಕಕ್ಕೆ ಬಡಿದದ್ದು ಸೆರಗಿಗೆ ಬಿದ್ದಿತ್ತು. ಮೂರನೆಯದು ಎಲ್ಲಿ ಹೋಯಿತು ಅಂತ ನಾವಿಬ್ಬರೂ ನೋಡಿರಲೇ ಇಲ್ಲ.

"ಅವರೆಬೇಳೆ" ಅಂದೆ.

ಡಾಕ್ಟರು ನನ್ನ ಭುಜ ಅದುಮಿದರು. "ಅದೇ ಆಗಿರಲಿ ಅಂತ ಬೇಡ್ಕೊಳ್ಳೋಣ" ಅಂದರು.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಗಡ್ಡೆಯಲ್ಲ ಬೇಳೆ ಅಂದರೆ ಅವ್ವ ನೆನೆದಿರಲಿಲ್ಲ ಅಂತಲೂ ಅರ್ಥ. ಇಂಥ ಹೊತ್ತಿನಲ್ಲೂ ಮನುಷ್ಯರ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತದೆ. ಗಂಟಲಿಗೆ ಕಹಿ ಸ್ಪ್ರೇ ಹೊಡೆದರು. ನಾಲಿಗೆ ನನ್ನದಲ್ಲದ ಹಾಗಾಯಿತು. ಕೈಗೆ ಒಂದು ಇಂಜೆಕ್ಷನ್ ಕೊಟ್ಟರು. ಮೇಲಿನ ಲೈಟು ದೊಡ್ಡದಾಗುತ್ತಾ ಹೋಯಿತು.

ಮಂಜಿನಲ್ಲಿ ಬಸ್ಸು ಹೋಗುತ್ತಿದೆ. ಬಸ್ಸಿನಲ್ಲಿ ಯಾರೂ ಇಲ್ಲ. ಮುಂದಿನ ಸೀಟಿನಲ್ಲಿ ಅವ್ವ ಒಬ್ಬಳೇ ಕೂತಿದ್ದಾಳೆ, ತೊಡೆಯ ಮೇಲೆ ಮಂಕರಿ. ನಾನು ಟಿಕೆಟ್ ಮಿಷನ್ ಒತ್ತುತ್ತೇನೆ. ಬಿಳಿ ಕಾಗದ ಬರುತ್ತದೆ, ಅಕ್ಷರವಿಲ್ಲ. "ನಂಗ್ಯಾಕವ್ವ ಟಿಕೇಟು? ನಿನ್ ನೋಡಾಕ್ ಬಂದಿವ್ನಿ, ಇಳ್ದು ಓಯ್ತೀನಿ" ಅನ್ನುತ್ತಾಳೆ. ಗೇಟು ಬರುತ್ತದೆ. "ಊದು, ವಿಷಲ್ ಊದು" ಅನ್ನುತ್ತಾಳೆ. ನಾನು ಊದುತ್ತೇನೆ. ಎದೆ ಪೂರ್ತಿ ಹಿಂಡಿದ ಹಾಗಾಗುತ್ತದೆ. ಅವ್ವ ಮಂಕರಿ ಹಿಡಿದು ಇಳಿಯುತ್ತಾಳೆ. ತಿರುಗಿ ನೋಡುವುದಿಲ್ಲ. ಮಂಜಿನೊಳಗೆ ಅವಳ ಸೀರೆಯ ಹಸಿರು ಸ್ವಲ್ಪ ಹೊತ್ತು ಕಾಣುತ್ತದೆ.

"ಕೆಮ್ಮಬೇಡಿ, ಆಯ್ತು, ಆಯ್ತು" ಅಂತ ಯಾರೋ ಅನ್ನುತ್ತಿದ್ದರು.

ಎಚ್ಚರವಾದಾಗ ಸಂಜೆಯ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಡಾಕ್ಟರು ಒಂದು ಚಿಕ್ಕ ಬಾಟಲಿ ತೋರಿಸಿದರು. ಕಂದು ಬಣ್ಣದ್ದು, ಊದಿಕೊಂಡು ಮೂರು ಚೂರಾಗಿತ್ತು. ಅವರೆಬೇಳೆ ಅಂತ ಹೇಳಿದರೆ ಮಾತ್ರ ಗೊತ್ತಾಗುವಂಥದ್ದು. ಮೂರು ತಿಂಗಳು ಟಿಕೆಟ್ಟಿಲ್ಲದೆ ನನ್ನೊಳಗೆ ತಿರುಗಾಡಿತ್ತು. "ಸುತ್ತ ಬೆಳೆದ ಮಾಂಸದ ಚೂರನ್ನೂ ಪರೀಕ್ಷೆಗೆ ಕಳಿಸಿದ್ದೀವಿ. ರಿಪೋರ್ಟ್ ಬರೋವರೆಗೂ ನಾನು ಏನೂ ಹೇಳಲ್ಲ. ಆದರೆ ಧೈರ್ಯವಾಗಿರಿ" ಅಂದರು. ಎಜಮಾನರು ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದರು. "ನಾನೇಳ್ನಿಲ್ವಾ" ಅಂದರು. ಮದುವೆಯಾದ ಮೇಲೆ ಆ ಮಾತು ಹೇಳುವ ಅವಕಾಶ ಅವರಿಗೆ ಸಿಕ್ಕಿದ್ದು ಅದೊಂದೇ ಸಲ. ಆಮೇಲೆ ನನ್ನ ಕಾಲು ಹಿಡಿದುಕೊಂಡು ಅತ್ತುಬಿಟ್ಟರು.

ಡಾಕ್ಟರು ಒಂದು ಚೀಟಿಯ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿ ನನಗೇ ಕೊಟ್ಟರು. ಉಸಿರಿನ ದಾರಿ ಎದೆಯಲ್ಲಿ ಎರಡಾಗಿ ಒಡೆಯುತ್ತದೆ. ಎಡಗಡೆಯದು ತಿರುವು, ಬಲಗಡೆಯದು ಅಗಲ, ಹೆಚ್ಚುಕಡಿಮೆ ನೇರ. ಬ್ರೇಕ್ ಇಲ್ಲದ ಗಾಡಿ ಯಾವ ಕಡೆ ಹೋಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಟ್ಟೆಯ ದಾರಿ ಹಿಂದೆ, ಉಸಿರಿನ ದಾರಿ ಮುಂದೆ. ನುಂಗುವಾಗ ಉಸಿರಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ನಕ್ಕರೆ, ಮಾತಾಡಿದರೆ ತೆರೆದುಕೊಳ್ಳುತ್ತದೆ. "ವಯಸ್ಸಾದೋರಿಗೆ, ಹಾಸಿಗೆ ಹಿಡಿದೋರಿಗೆ ಆ ಬಾಗಿಲು ಸರಿಯಾಗಿ ಮುಚ್ಚೋದೇ ಇಲ್ಲ. ನೀರು, ಗಂಜಿ ಎಲ್ಲ ಒಳಗಿಳಿಯುತ್ತೆ. ಅದು ಯಾರ ತಪ್ಪೂ ಅಲ್ಲ" ಅಂದರು. ಯಾಕೆ ಅಷ್ಟನ್ನೆಲ್ಲ ಹೇಳಿದರೋ. ಆ ಮಾತು ಎರಡೇ ದಿನದಲ್ಲಿ ನನ್ನ ಉಪಯೋಗಕ್ಕೆ ಬಂತು.

ಅತ್ತಿಗೆ ನೋಡಲು ಆಸ್ಪತ್ರೆಗೆ ಬರುತ್ತಾಳೆ ಅಂತ ಅಣ್ಣ ಫೋನು ಮಾಡಿದ. ಎಜಮಾನರು, "ಬ್ಯಾಳೆ ವಿಸ್ಯ ಏಳ್ಬ್ಯಾಡ. ಆರೊರ್ಸುಕ್ಕೆ ಕೂಡ್ಕಂಡಿದ್ದೀರ. ಆಯಮ್ಮ ನಂದೇ ತಪ್ಪು ಅಂತ ಕೊರಗ್ತದೆ. ಕಫ ಗಟ್ಟಿಯಾಗಿತ್ತು ಅಂತ ಅಂದ್ಬುಡು" ಅಂದರು. ನಿಜ ಅನ್ನಿಸಿತು. ನನ್ನ ಬಾಯಿಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವುದು ಗೊತ್ತಿದ್ದೂ ಒಪ್ಪಿಕೊಂಡೆ. ಮತ್ತೊಮ್ಮೆ ಅವಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಮೊದಲನೆಯ ಸಲ ನನ್ನ ಬಾಯಿಂದಲೇ ಕಳೆದುಕೊಂಡದ್ದು.

ಅತ್ತಿಗೆ ಬಂದಳು. ಮಂಚದ ಮೇಲೆ ಕೂತು ನನ್ನ ತೋಳು ಸವರಿದಳು. "ಏನಮ್ಮಿ ಇಂಗಾಗೋಗಿದ್ದೀಯಾ, ಕಡ್ಡಿಯಂಗೆ" ಅಂದಳು. ಆಮೇಲೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. "ಸಂಕ್ರಾಂತೀಲಿ ನೀ ಓದ್ಮೇಲೆ ಉಳ್ದಿದ್ ಬ್ಯಾಳೇನೆಲ್ಲ ವಣಗ್ಸಿ ಮಡ್ಗಿದ್ದೆ. ನೆನ್ನೆ ಉರ್ದು ಕಾರ ಆಕಿ ತಂದಿವ್ನಿ. ಬಾಯ್ಗೆ ರುಚಿ ಇರಾಕಿಲ್ಲ, ಒಂದ್ ನಾಕ್ ಕಾಳ್ ಬಾಯ್ಗಾಕ."

ಎಜಮಾನರು ಒಂದೇ ನೆಗೆತಕ್ಕೆ ಬಂದು ಡಬ್ಬಿ ಕಿತ್ತುಕೊಂಡರು. "ಅದ್ ಬ್ಯಾಡ! ಅದ್ ಮಾತ್ರ ಬ್ಯಾಡ!"

ಅತ್ತಿಗೆ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಕಿಟಕಿಯಲ್ಲಿದ್ದ ಬಾಟಲಿ ನೋಡಿದಳು. ಅದನ್ನು ಎತ್ತಿಡಲು ನಾವಿಬ್ಬರೂ ಮರೆತಿದ್ದೆವು. ಹಳ್ಳಿಯಲ್ಲಿ ಮೂವತ್ತೆಂಟು ವರ್ಷ ಅವರೆ ಹಿದುಕಿದವಳಿಗೆ ಬೇಳೆ ಎಷ್ಟೇ ಕೊಳೆತಿದ್ದರೂ ಗುರುತು ಸಿಗುತ್ತದೆ.

"ನಾನ್ ಚಿಮ್ಸಿದ್ದಾ?" ಅಂದಳು.

ನಾನು ತಲೆ ಆಡಿಸಿದೆ. ಇನ್ನೇನು ಮಾಡಲಿ.

ಅವಳು ಅಳಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು. "ಎಲ್ಡನೇ ಸಲ" ಅಂದಳು.

"ಏನ್ ಎರಡನೇ ಸಲ ಅತ್ಗೆ?"

"ಅವತ್ತು ಅತ್ತೆಮ್ಮಂಗೆ ನಾನೇ ಗಂಜಿ ಕುಡಿಸ್ತಿದ್ದೆ. ಬ್ಯಾಡ ಬ್ಯಾಡ ಅಂತಿತ್ತು. ಒಟ್ಟೇಲಿ ಏನೂ ಇಲ್ಲ, ಎಲ್ಡ್ ಚಮಚ ಕುಡಿಯತ್ತೆ ಅಂತ ಬಾಯ್ಗೆ ಬುಟ್ಟೆ. ನೆತ್ತಿಗತ್ಬುಡ್ತು. ಕೆಮ್ಮಾಕೂ ಸಕ್ತಿ ಇರ್ನಿಲ್ಲ ಅದ್ಕೆ. ನಾನ್ ನೆತ್ತಿ ತಟ್ಟಿ, ಯಾರೋ ನೆನೆಸ್ಕಂಡ್ರು ಕಣತ್ತೆ ಅಂದೆ. ಅತ್ತೆಮ್ಮ ನಗ್ತು ಕಣಮ್ಮಿ. 'ಸಾವಿತ್ರಿ ಕಣೆ. ಬಸ್ಸು ಗೇಟ್ ತಾವ್ ಬಂದಿರ್ಬೇಕು' ಅಂತು. ಅಷ್ಟೇಯ. ಆಮೇಲ್ ಮಾತ್ ಬರ್ನಿಲ್ಲ."

ಅತ್ತಿಗೆ ಮಡಿಲಲ್ಲಿದ್ದ ಕೈಗಳನ್ನು ಮಗುಚಿ ನೋಡಿಕೊಂಡಳು.

"ನಾನೇ ಕೊಂದ್ಬುಟ್ಟೆ ಅಂತ ಕೈಕಾಲ್ ಬಿದ್ದೋದೊ. ಫೋನ್ ತಗಂಡು ಏನಂತ ಏಳ್ಲಿ ನಿಂಗೆ? ಸಾಯಂಕಾಲುಕ್ಕೆ ನಿಮ್ಮಣ್ಣ ಮಾಡುದ್ರು. 'ಕೊನೇ ಮಾತ್ ಕದ್ದೆ' ಅಂದಲ್ಲ ನೀನು, ನಿಜವೇಯ. ಮಾತ್ ಏಳುದ್ರೆ ಗಂಜೀನೂ ಏಳ್ಬೇಕಾಯ್ತಿತ್ತು. ನೀನೇ ಏಳು, ಅವತ್ ನೀನ್ ನೆನೆಸ್ಕಂಡಿದ್ದಾ?"

ಆರು ವರ್ಷ ಅವಳು ನನ್ನನ್ನು ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಅದು. ಹೌದು ಅಂದರೆ ಅವ್ವನ ನೆತ್ತಿಗೆ ಹತ್ತಿಸಿದ್ದು ನನ್ನ ನೆನಪು. ಇಲ್ಲ ಅಂದರೆ ಅವಳ ಗಂಜಿ.

ಅವತ್ತಿನ ಟ್ರಿಪ್ಪನ್ನು ಎಷ್ಟು ಸಲ ನೆನೆದಿದ್ದೇನೆ. ಬಸ್ಸು ಕಿಕ್ಕಿರಿದಿತ್ತು. ಒಬ್ಬಾಕೆ ಕೋಳಿಯ ಬುಟ್ಟಿ ಸೀಟಿನ ಮೇಲಿಟ್ಟಿದ್ದಳು, ಅವಳ ಜೊತೆ ಜಗಳವಾಡುತ್ತಿದ್ದೆ. ಗೇಟು ಬಂದದ್ದು ಗೊತ್ತು, ಯಾರೋ ಇಳಿದರು, ವಿಷಲ್ ಊದಿದೆ. ನಮ್ಮೂರಿನ ತಿರುವಿನ ಕಡೆ ನೋಡಿದೆನೋ ಇಲ್ಲವೋ. ಅವ್ವನನ್ನು ನೆನೆದೆನೋ, ಕೋಳಿಯವಳನ್ನು ಬೈಯುತ್ತಿದ್ದೆನೋ. ದೇವರಾಣೆ ನನಗೆ ಗೊತ್ತಿಲ್ಲ.

"ನೆನೆಸ್ಕಂಡಿದ್ದೆ ಅತ್ಗೆ" ಅಂದೆ. "ನಾನೇಯ."

ಅವಳು ಆಗ ಅತ್ತಳು. ನಾನು ಡಾಕ್ಟರು ಬರೆದ ಚಿತ್ರ ತೆಗೆದು ಅವಳ ಮುಂದಿಟ್ಟೆ. ಹಿಂದಿನ ದಾರಿ, ಮುಂದಿನ ದಾರಿ, ಮುಚ್ಚದ ಬಾಗಿಲು, ಎಲ್ಲ ಹೇಳಿದೆ. ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿದೆ. ಅವಳಿಗೆ ಎಷ್ಟು ಅರ್ಥವಾಯಿತೋ. ಚಿತ್ರವನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಉರ್ದಿದ್ ಬ್ಯಾಳೆ ಪುಟ್ಸಾಮಣ್ಣ ತಿನ್ಲಿ, ನಗ್ದಂಗೆ" ಅಂದಳು.

ರಿಪೋರ್ಟ್ ಮೇ ತಿಂಗಳಲ್ಲಿ ಕೈಗೆ ಬಂತು. ಕೆಟ್ಟದ್ದೇನೂ ಇರಲಿಲ್ಲ. ಬಲಗಡೆ ಕೆಳಭಾಗ ಮೊದಲಿನಂತೆ ಪೂರ್ತಿ ಆಗುವುದಿಲ್ಲವೇನೋ, ಆರು ತಿಂಗಳಿಗೊಮ್ಮೆ ತೋರಿಸಿ ಅಂದಿದ್ದಾರೆ. ಚಳಿಗಾಲಕ್ಕೆ ಹೆದರಿಕೆ ಇದೆ. ಮೆಟ್ಟಿಲು ಹತ್ತಿದರೆ ಈಗಲೂ ನಿಂತು ಹೋಗುತ್ತೇನೆ. ಬಾಯಿ ತುಂಬಿದಾಗ ಮಾತಾಡಬೇಡಿ ಅಂದಿದ್ದಾರೆ. ಬ್ರಾಂಕೋಸ್ಕೋಪಿಗಿಂತ ಅದು ನನಗೆ ಕಷ್ಟ. ಊಟದ ಹೊತ್ತಿನಲ್ಲಿ ಎಜಮಾನರೇ ಮಾತಾಡುತ್ತಾರೆ, ನಾಲೆಯ ಸುದ್ದಿ. ಪರವಾಗಿಲ್ಲ, ಕೇಳುವ ಹಾಗಿರುತ್ತದೆ. ನೆತ್ತಿಗೆ ಹತ್ತಿದರೆ ಮೊದಲು ಚೆನ್ನಾಗಿ ಕೆಮ್ಮಬೇಕು, ಉಸಿರೇ ನಿಂತರೆ ಮುಂದೆ ಬಾಗಿಸಿ ಬೆನ್ನಿಗೆ ಗುದ್ದಬೇಕು, ಕೆಮ್ಮು ಉಳಿದರೆ ಡಾಕ್ಟರಿಗೆ ಹೇಳಬೇಕು. ಇದನ್ನು ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ನೆತ್ತಿ ಆಮೇಲೆ ಎಷ್ಟು ಬೇಕಾದರೂ ತಟ್ಟಿಕೊಳ್ಳಲಿ.

ಜೂನಿನಲ್ಲಿ ಡ್ಯೂಟಿಗೆ ಹೋದೆ. ಯಾವ ರೂಟು ಬೇಕು ಅಂದರು. ಚನ್ನರಾಯಪಟ್ಟಣ ಅಂದೆ. ಮೊದಲ ದಿನ ವಿಷಲ್ ಮೆಲ್ಲಗೆ ಊದಿದೆ, ಸದ್ದು ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿ ಗೇರ್ ಹಾಕಿದ.

ದಂಡಿಗನಹಳ್ಳಿ ಗೇಟು ಬಂದಾಗ ಈಗ ತಿರುವಿನ ಕಡೆ ನೋಡುತ್ತೇನೆ. ಎಂಥ ಜಗಳವಿದ್ದರೂ ನಿಲ್ಲಿಸಿ ನೋಡುತ್ತೇನೆ. ಅವತ್ತು ನೆನೆದಿದ್ದೆನೋ ಇಲ್ಲವೋ, ಈಗ ಒಂದು ಟ್ರಿಪ್ಪೂ ತಪ್ಪಿಸದೆ ಅವ್ವನನ್ನು ನೆನೆಯುತ್ತೇನೆ.

ಅತ್ತಿಗೆಯನ್ನು ಮಾತ್ರ ಅವಳ ಊಟದ ಹೊತ್ತು ಕಳೆದ ಮೇಲೆ ನೆನೆಯುತ್ತೇನೆ.